ಧೂಪದ ಮರದ ಹತ್ತಿರ ಇಂಜಿನ್ ಆಫ್

ನನ್ನ ಬಲಗೈಗೆ ಒಂದು ಕೆಟ್ಟ ಚಾಳಿಯಿದೆ. ಇಳಿಜಾರು ಕಂಡರೆ ಸಾಕು, ನನ್ನನ್ನು ಒಂದು ಮಾತೂ ಕೇಳದೆ ಅದು ಸ್ಕೂಟರಿನ ಕೀ ತಿರುಗಿಸಿಬಿಡುತ್ತದೆ. ಸದ್ದು ನಿಂತುಹೋಗುತ್ತದೆ, ಸ್ಕೂಟರು ಮಾತ್ರ ಹೋಗುತ್ತಲೇ ಇರುತ್ತದೆ. ಕೊಪ್ಪದಲ್ಲಿ ನಾನು ಪಾಠ ಮಾಡುವ ಶಾಲೆ ಇರುವುದು ಒಂದು ಇಳಿಜಾರಿನ ಬುಡದಲ್ಲಿ. ಬೇರೆ ಟೀಚರುಗಳ ಗಾಡಿಯ ಸದ್ದು ಮೇಲಿನ ತಿರುವಿನಲ್ಲೇ ಕೇಳುವುದರಿಂದ ಅವರು ಬಂದು ಮುಟ್ಟುವಷ್ಟರಲ್ಲಿ ಮಕ್ಕಳೆಲ್ಲ ಸಾಧುಸಂತರಾಗಿರುತ್ತಾರೆ. ನಾನು ಬಂದದ್ದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸಲ ನನ್ನ ನಡಿಗೆಯನ್ನೇ ನಕಲು ಮಾಡಿ ತೋರಿಸುತ್ತಿದ್ದ ಹುಡುಗಿಯೊಬ್ಬಳ ಬೆನ್ನ ಹಿಂದೆಯೇ ಹೋಗಿ ನಿಂತಿದ್ದೆ. ಬಯ್ಯಬೇಕೆಂದುಕೊಂಡವಳು ಸ್ವಲ್ಪ ಹೊತ್ತು ನೋಡುತ್ತಾ ನಿಂತುಬಿಟ್ಟೆ. ನಾನು ಬಾತುಕೋಳಿಯ ಹಾಗೆ ನಡೆಯುತ್ತೇನೆಂಬುದು ನನಗೆ ಗೊತ್ತಾದದ್ದೇ ಆವತ್ತು.

"ಪೆಟ್ರೋಲ್ ಉಳಿಸಕ್ಕಾ ಟೀಚರ್?" ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಹೌದು ಅನ್ನುತ್ತೇನೆ. ರೇಟು ಮೂರಂಕಿ ಮುಟ್ಟಿದ ಮೇಲೆ ಈ ಉತ್ತರಕ್ಕೆ ಮರ್ಯಾದೆ ಬಂದಿದೆ. ಮೊದಲೆಲ್ಲ ನನ್ನನ್ನು ಜಿಪುಣಿ ಅನ್ನುತ್ತಿದ್ದವರೇ ಈಗ ಜಾಣೆ ಅನ್ನುತ್ತಾರೆ. ಸ್ಟಾಫ್ ರೂಮಿನ ಮಾತೂ ಬದಲಾಗಿದೆ. ಯಾರ ಸೀರೆ ಎಲ್ಲಿ ತಗೊಂಡದ್ದು ಎಂದು ಶುರುವಾಗುತ್ತಿದ್ದ ಮಾತು ಈಗ ಯಾರ ಗಾಡಿ ಎಷ್ಟು ಕೊಡುತ್ತದೆ ಎಂದು ಶುರುವಾಗುತ್ತದೆ. ಗಾಡಿಯ ಮೈಲೇಜನ್ನು ಮಕ್ಕಳ ಮಾರ್ಕ್ಸಿನ ಹಾಗೆ ಸ್ವಲ್ಪ ಏರಿಸಿಯೇ ಹೇಳುತ್ತಾರೆ. ಕೊನೆಗೆ ಎಲ್ಲರೂ ಸೇರಿ ರೇಟನ್ನು ಬಯ್ದು, ಹಗುರಾಗಿ ಕ್ಲಾಸಿಗೆ ಹೋಗುತ್ತಾರೆ.

ನಿಮ್ಮ ಹತ್ತಿರ ಒಂದು ನಿಜ ಹೇಳಬೇಕು. ಹಾಗೆ ಎಲ್ಲರೂ ಬಯ್ಯುವಾಗ ನನಗೆ ಮಾತ್ರ ಬಾಯ್ತುಂಬ ಬಯ್ಯಲಿಕ್ಕೆ ಆಗುತ್ತಿರಲಿಲ್ಲ. ಮೊನ್ನೆ ಮೊನ್ನೆಯವರೆಗೂ. ಬಾಯಿ ತೆರೆದರೆ ಉಂಡ ಮನೆಗೆ ಎರಡು ಬಗೆದ ಹಾಗೆ ಅನ್ನಿಸುತ್ತಿತ್ತು. ಯಾಕೆಂದರೆ ನನ್ನ ಮದುವೆ ನಡೆದದ್ದೇ ಪೆಟ್ರೋಲ್ ರೇಟು ಏರಿದ್ದರಿಂದ. ಹಾಗೆಂದು ನಾನು ನಂಬಿಕೊಂಡಿದ್ದೆ.

ನಮ್ಮೂರು ಬಸರೀಕಟ್ಟೆಯ ಹತ್ತಿರ. ಅಲ್ಲಿಂದ ಕೊಪ್ಪಕ್ಕೆ ಬರುವ ದಾರಿಗೆ ನೇರವಾಗಿ ಹೋಗಿ ಅಭ್ಯಾಸವೇ ಇಲ್ಲ. ಏರುತ್ತದೆ, ಇಳಿಯುತ್ತದೆ, ಮರೆತು ಬಂದದ್ದೇನೋ ನೆನಪಾದ ಹಾಗೆ ತಿರುಗಿ ಮತ್ತೆ ಏರುತ್ತದೆ. ನಾನು ಸಣ್ಣವಳಿದ್ದಾಗ ಆ ದಾರಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ನಡುವೆ ಇದ್ದದ್ದು ರಾಮಯ್ಯನವರ ಪೆಟ್ರೋಲ್ ಜೀಪು ಮಾತ್ರ. ಮಕ್ಕಳಿಗೆ ಅದರಲ್ಲಿ ಸೀಟು ಅಂತ ಇರಲಿಲ್ಲ. ಯಾರ ಮಡಿಲು ಖಾಲಿಯಿದೆಯೋ ಅದೇ ಸೀಟು. ಮಡಿಲೂ ತುಂಬಿದ್ದರೆ ಬಾಳೆಗೊನೆಯ ಪಕ್ಕ, ಹಲಸಿನ ಹಣ್ಣಿನ ಮೇಲೆ. ಒಮ್ಮೆ ಯಾರದೋ ಹೇಂಟೆ ಕೋಳಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೊಪ್ಪದವರೆಗೂ ಬಂದಿದ್ದೆ. ಇಳಿಯುವಾಗ ನೋಡಿದರೆ ಬುಟ್ಟಿಯಲ್ಲಿ ಮೊಟ್ಟೆ. ಅದು ನನ್ನದೋ ಕೋಳಿಯವರದೋ ಎಂಬ ವಿಚಾರದಲ್ಲಿ ನಾನು ಬಹಳ ಹೊತ್ತು ಅತ್ತೆನಂತೆ. ಬೇರೆ ಹುಡುಗಿಯರಿಗೆ ಸಂಪಿಗೆ, ಸುರಗಿ ಅಂದರೆ ಬಾಲ್ಯ ನೆನಪಾಗುತ್ತದೆ. ನನಗೆ ಪೆಟ್ರೋಲ್ ಬಂಕಿನ ಮುಂದೆ ಹಾದರೆ ನೆನಪಾಗುತ್ತದೆ.

ಆ ದಾರಿಯಲ್ಲಿ ಒಂದು ದೊಡ್ಡ ಏರು. ಅದನ್ನು ಹತ್ತುವಾಗ ಜೀಪು ಮಾಡುತ್ತಿದ್ದ ಸದ್ದಿಗೆ ಪಕ್ಕದಲ್ಲಿ ಕೂತವರ ಕಿವಿಗೇ ಬಾಯಿಟ್ಟು ಕಿರುಚಬೇಕಿತ್ತು. ಏರಿನ ತುದಿಯಲ್ಲಿ ಒಂದು ಧೂಪದ ಮರ. ಮರದ ಬುಡಕ್ಕೆ ಬಂದ ಕೂಡಲೇ ರಾಮಯ್ಯನವರು ಟಕ್ಕೆಂದು ಇಂಜಿನ್ ಆಫ್ ಮಾಡುತ್ತಿದ್ದರು. ಅಲ್ಲಿಂದ ಕೆಳಗಿನ ಮೋರಿಯವರೆಗೆ ಜೀಪು ತನ್ನ ಭಾರಕ್ಕೆ ತಾನೇ ಉರುಳಿಕೊಂಡು ಹೋಗಬೇಕು. ಮೋರಿಯ ಹತ್ತಿರ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಮತ್ತೆ ಸ್ಟಾರ್ಟು. "ಏರಿಗೆ ಪೆಟ್ರೋಲು, ಇಳಿಜಾರಿಗೆ ದೇವ್ರು" ಎಂಬುದು ರಾಮಯ್ಯನವರ ಮಾತು. ದೇವರ ಭಾಗ ಎಷ್ಟು ಉದ್ದ ಸಿಗುತ್ತದೋ ಅಷ್ಟೂ ಅವರಿಗೆ ಲಾಭ.

ನೀವು ಇದನ್ನು ಮಾಡಲಿಕ್ಕೆ ಹೋಗಬೇಡಿ. ಶೃಂಗೇರಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ನನ್ನ ತಮ್ಮ ಹೊಸ ಕಾರು ತಂದವನು, ಪೆಟ್ರೋಲ್ ರೇಟಿನ ಸಿಟ್ಟಿಗೆ ಇದೇ ವಿದ್ಯೆ ಪ್ರಯೋಗಿಸಿದ. ಈಗಿನ ಕಾರುಗಳಿಗೆ ಇಂಜಿನ್ ನಿಂತರೆ ಸ್ಟೇರಿಂಗೂ ಬಿಗಿಯುತ್ತದೆ, ಬ್ರೇಕು ಒತ್ತಿದರೂ ಹಿಡಿಯುವುದಿಲ್ಲ. ಕಾರು ನೇರವಾಗಿ ಹೋಗಿ ಒಬ್ಬರ ಹುಲ್ಲು ಬಣವೆಯೊಳಗೆ ಮೂತಿ ಹುದುಗಿಸಿ ನಿಂತಿತು. ಮನೆಯವರು ಓಡಿ ಬಂದು, "ಎಂತ ಮಾರಾಯ್ರೆ, ದನಕ್ಕೆ ಹಾಕಿದ್ದು ಅದು" ಅಂದರಂತೆ. ಆಮೇಲೆ ಅವನಿಗೆ ಕಾಪಿ ಕೊಟ್ಟು ಕಳಿಸಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಂಜಿನ್ ಹೀಗೆ ಒಮ್ಮೆಲೇ ನಿಂತರೆ ಏನಾಗುತ್ತದೆ ಯೋಚಿಸಿ. ಏರಿನ ಸದ್ದಿಗೆ ತಕ್ಕಂತೆ ಕಿರುಚಿಕೊಂಡು ಮಾತಾಡುತ್ತಿದ್ದವರ ಮಾತಿನ ಬಾಲ ನಿಶ್ಶಬ್ದದ ನಡುವೆ ಬಂದು ಬೀಳುತ್ತದೆ. ಒಮ್ಮೆ ಏಕಾದಶಿಯ ದಿನ, ಶೃಂಗೇರಿಗೆ ಹೊರಟಿದ್ದ ನಮ್ಮೂರಿನ ಮಡಿವಂತರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದ "ಕೊಪ್ಪದಲ್ಲಿ ಇಳಿದ ಕೂಡ್ಲೆ ಒಂದು ಮಸಾಲೆ ದೋಸೆ!" ಎಂಬ ಮಾತು ಹೀಗೇ ಬಿತ್ತು. ಜೀಪು ತಣ್ಣಗೆ ಉರುಳುತ್ತಿತ್ತು. ಅವರೇ ಸ್ವಲ್ಪ ಹೊತ್ತು ಬಿಟ್ಟು, "ನಾಳೆ ತಿನ್ನದು ಅಂತ" ಎಂದು ಸೇರಿಸಿದರು. ಇನ್ನೊಬ್ಬರು ಸೊಸೆಯ ಸಾರಿನ ಬಗ್ಗೆ ಹೇಳಿದ್ದು ಮುಂದಿನ ಸೀಟಿನಲ್ಲಿದ್ದ ಸೊಸೆಗೇ ಕೇಳಿ, ಆ ಮನೆಯಲ್ಲಿ ಮುಂದೆ ಅತ್ತೆಯೇ ಸಾರು ಮಾಡಬೇಕಾಯಿತು.

ಹೀಗೆ ಪೆಟ್ಟು ತಿಂದು ತಿಂದು ನಮ್ಮ ದಾರಿಯವರಿಗೆಲ್ಲ ಒಂದು ಪದ್ಧತಿ ಬಂತು. ಧೂಪದ ಮರ ಕಂಡ ಕೂಡಲೇ ದನಿ ತಗ್ಗಿಸುವುದು. ಎಂಥಾ ಜಗಳದ ನಡುವೆಯೂ ಮರ ಬಂದರೆ ಬಾಯಿ ಮುಚ್ಚಿ, ಮೋರಿಯ ಹತ್ತಿರ ಇಂಜಿನ್ ಗುಡುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಈಗ ಬಸ್ಸಿನಲ್ಲಿ ಹೋಗುವಾಗಲೂ ಹಾಗೇ. ಬಸ್ಸಿನ ಡ್ರೈವರು ಇಂಜಿನ್ ಆಫ್ ಮಾಡುವುದಿಲ್ಲ ಎಂದು ಗೊತ್ತಿದ್ದೂ ನಮ್ಮ ಜನ ಆ ಮರದ ಹತ್ತಿರ ಪಿಸುಗುಟ್ಟುತ್ತಾರೆ. ಹೊಸದಾಗಿ ಬಂದವರು ಅಲ್ಲೇನೋ ದೇವರಿದೆ ಎಂದುಕೊಂಡು ಕೈ ಮುಗಿಯುವುದೂ ಉಂಟು.

ನಾನು ಕೊಪ್ಪದಲ್ಲಿ ಟೀಚರ್ ಕೆಲಸಕ್ಕೆ ಸೇರುವ ಹೊತ್ತಿಗೆ ರಾಮಯ್ಯನವರಿಗೆ ಕಣ್ಣು ಮಂಜಾಗಿ, ಜೀಪು ಅವರ ಮಗ ಶೀನನ ಕೈಗೆ ಬಂದಿತ್ತು. ಶೀನ ಬಹಳ ಕಡಿಮೆ ಮಾತಿನವನು. ಊರವರ ಗುಟ್ಟೆಲ್ಲ ಇಳಿಜಾರಿನಲ್ಲಿ ಕೇಳಿ ಕೇಳಿ, ತಾನು ಮಾತ್ರ ಏರಿನಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಆದರೆ ನಗು ಬಂದರೆ ಮಾತ್ರ ತಡೆಯುತ್ತಿರಲಿಲ್ಲ. ತಲೆಯನ್ನು ಹಿಂದಕ್ಕೆ ಹಾಕಿ, ಸ್ಟೇರಿಂಗಿಗೆ ಎರಡು ಸಲ ತಟ್ಟಿ, ಜೀಪೆಲ್ಲ ತುಂಬುವ ಹಾಗೆ ನಗುತ್ತಿದ್ದ. ದಿನಾ ಬೆಳಿಗ್ಗೆ ಆ ನಗುವನ್ನು ಹಿಂದಿನ ಸೀಟಿನಲ್ಲಿ ಕೂತು ಕೇಳುತ್ತಿದ್ದವಳು ನಾನು. ಪಕ್ಕದಲ್ಲಿ ಗೆಳತಿ ಸುಮಿತ್ರ. ಸಂತೆಯ ದಿನವಾದರೆ ಎದುರಿಗೆ, ಮಡಿಲಲ್ಲಿ ವೀಳ್ಯದೆಲೆಯ ಬುಟ್ಟಿ ಇಟ್ಟುಕೊಂಡು ಕೊಪ್ಪದ ಸಂತೆಗೆ ಹೋಗುವ ದೇವಕಮ್ಮ.

ಆಗ ನನ್ನನ್ನು ನೋಡಲು ಶೃಂಗೇರಿ ಕಡೆಯ ಒಂದು ಗಂಡು ಬಂದು ಹೋಗಿತ್ತು. ಒಳ್ಳೆಯ ಕೆಲಸ, ಒಳ್ಳೆಯ ಮನೆತನ, ಇಸ್ತ್ರಿ ಮಾಡಿದ ಅಂಗಿ. ಉಪಚಾರದ ನಡುವೆ ಗಂಡಿನ ಸೋದರಮಾವನವರ ಕನ್ನಡಕ ಜಾರಿ ಅವರದೇ ಕಾಪಿ ಲೋಟದೊಳಗೆ ಬಿತ್ತು. ಮಾವನವರೂ ಸೇರಿ ಎಲ್ಲರೂ ನಕ್ಕೆವು. ಗಂಡು ನಗಲಿಲ್ಲ. ಮಾರನೆಯ ಬೆಳಿಗ್ಗೆ ಜೀಪು ಏರು ಹತ್ತುವಾಗ ಸುಮಿತ್ರ ನನ್ನ ಕಿವಿಗೆ, "ಗಂಡು ಹೆಂಗಿದಾನೆ ಮಾರಾಯ್ತಿ?" ಎಂದು ಕಿರುಚಿದಳು. ಅವಳ ಗಂಟಲು ಜೀಪಿಗಿಂತ ಜೋರು. ನಾನು ಹುಷಾರಿನವಳೇ. ಮುಂದೆ ಬಗ್ಗಿ ನೋಡಿದೆ. ಧೂಪದ ಮರ ಇನ್ನೂ ದೂರದಲ್ಲಿತ್ತು. ಧೈರ್ಯವಾಗಿ ಕಿರುಚಿದೆ.

"ಎಲ್ಲಾ ಸರಿ ಇದೆ ಕಣೆ! ಆದ್ರೆ ಈ ಜೀಪಿನ ಶೀನನ ಹಂಗೆ ನಗಕ್ಕೆ ಬರದಿಲ್ಲ ಅವನಿಗೆ!"

"ಆದ್ರೆ" ಎನ್ನುವಷ್ಟರಲ್ಲಿ ಇಂಜಿನ್ ನಿಂತಿತ್ತು. ಬಾಯಿ ನಿಲ್ಲಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾತು ಸ್ಪಷ್ಟವಾಗಿ, ಪಾಠ ಒಪ್ಪಿಸಿದ ಹಾಗೆ, ಜೀಪಿನಲ್ಲಿದ್ದವರಿಗೆಲ್ಲ ಕೇಳಿತು. ದೇವಕಮ್ಮ ಎಲೆಯ ಬುಟ್ಟಿಯಿಂದ ತಲೆಯೆತ್ತಿ ನನ್ನನ್ನು ನೋಡಿದರು, ಶೀನನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಮರ ಬರುವ ಮುಂಚೆಯೇ ಆಫ್ ಮಾಡಿದ್ದರಿಂದ ಜೀಪು ಏರಿನಲ್ಲೇ ನಿಂತುಹೋಯಿತು. ಆಗ ಅದರ ಸೆಲ್ಫ್ ಸ್ಟಾರ್ಟರು ಕೆಟ್ಟಿತ್ತು. ಇಳಿಜಾರಿನಲ್ಲಿ ಉರುಳಿದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ಎಲ್ಲರೂ ಇಳಿದು ಮರದವರೆಗೆ ತಳ್ಳಬೇಕಾಯಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಾ, ತಲೆ ಬಗ್ಗಿಸಿಕೊಂಡು ನಾನೂ ತಳ್ಳಿದೆ. ನಾಚಿಕೆಗೆ ಎಂಥಾ ಶಕ್ತಿಯಿದೆ ಅಂತೀರಿ, ನಾನೊಬ್ಬಳೇ ಅರ್ಧ ಜೀಪು ತಳ್ಳಿರಬೇಕು. ಯಾರೋ ಏದುಸಿರು ಬಿಡುತ್ತಾ, "ಎಂತ ಶೀನಾ, ಮರ ಬರದ್ರೊಳಗೇ ಆಫ್ ಮಾಡ್ದೆ ಇವತ್ತು?" ಎಂದು ಕೇಳಿದರು. ಶೀನ ಸ್ಟೇರಿಂಗ್ ಹಿಡಿದುಕೊಂಡು ನಡೆಯುತ್ತಾ, "ಪೆಟ್ರೋಲ್ ರೇಟು ಏರಿದೆಯಲ್ಲ ಮಾರಾಯ, ಒಂದ್ ಸ್ವಲ್ಪ ಮುಂಚೆ ಮಾಡಿ ನೋಡಾಣ ಅಂತ" ಅಂದ.

ಸಂಜೆಯೊಳಗೆ ದೇವಕಮ್ಮ ಎಲೆಯ ಜೊತೆಗೆ ಈ ಸುದ್ದಿಯನ್ನೂ ಕೊಪ್ಪದ ಸಂತೆಯಲ್ಲಿ ಹಂಚಿ ಮುಗಿಸಿದ್ದರು. ಮುಂದಿನ ವಾರ ರಾಮಯ್ಯನವರು ನಮ್ಮ ಮನೆಗೆ ಹೆಣ್ಣು ಕೇಳಲು ಬಂದರು. ಅಪ್ಪಯ್ಯ ಮೊದಲು ಸ್ವಲ್ಪ ಬಿಗುಮಾನ ಮಾಡಿದರು. ಆಮೇಲೆ ರಾಮಯ್ಯನವರ ಎಲೆಯಡಿಕೆ ಕವಳದ ಸಂಚಿ ನೋಡಿ ಮೆತ್ತಗಾದರು. ಮದುವೆಯ ದಿನ ದಿಬ್ಬಣ ಬಂದದ್ದೂ ಅದೇ ಜೀಪಿನಲ್ಲಿ. ಪೆಟ್ರೋಲ್ ರೇಟಿನ ಮೇಲೆ ನನಗೆ ದಾಕ್ಷಿಣ್ಯ ಹುಟ್ಟಿದ್ದು ಹೀಗೆ. ಅದು ಏರದೆ ಇದ್ದಿದ್ದರೆ ಶೀನ ಮರದ ಹತ್ತಿರವೇ ಆಫ್ ಮಾಡುತ್ತಿದ್ದ, ನನ್ನ ಮಾತು ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು, ನಾನು ಶೃಂಗೇರಿಯಲ್ಲಿ ನಗದ ಮುಖವೊಂದಕ್ಕೆ ಕಾಪಿ ಕೊಡುತ್ತಿದ್ದೆ.

ಅಂಥಾ ರೇಟು ಈ ಸಲ ಮತ್ತೆ ಏರಿದಾಗ ನಮ್ಮ ಜೀಪಿಗೇ ಕುತ್ತು ತಂದಿತು. ಒಂದು ಮಧ್ಯಾಹ್ನ ಮಜ್ಜಿಗೆ ಅನ್ನಕ್ಕೆ ಬಂದಾಗ ಶೀನ, ಅಂದರೆ ಈಗ ನಮ್ಮನೆಯವರು, "ಜೀಪು ಕೊಟ್ಟುಬಿಡದು ಅಂತ ಮಾಡಿದೀನಿ" ಅಂದರು.

"ಬಾಡಿಗೆ ಸ್ವಲ್ಪ ಜಾಸ್ತಿ ಮಾಡಿ" ಅಂದೆ.

"ಯಾರ ಹತ್ರ ಕೇಳ್ಲಿ? ದೇವಕಮ್ಮನ ಹತ್ರ ಕೇಳ್ಲಾ? ಅಪ್ಪಯ್ಯ ಇದ್ದಾಗಿಂದ ಕೂರ್ತಿದಾರೆ ಅವ್ರು. ಅವರಿಗೆ ಜೀಪು ಹತ್ತದು ಅಂದ್ರೆ ಮನೆ ಮೆಟ್ಲು ಹತ್ತಿದ ಹಂಗೆ."

ನಾನು ಟೀಚರಲ್ಲವೇ, ಬಹಳ ವಿವೇಕದಿಂದ "ಸರಿ, ಕೊಟ್ಟುಬಿಡಿ" ಅಂದೆ. ಮಾರನೆಯ ಬೆಳಿಗ್ಗೆ ಅವರು ಅಂಗಳದಲ್ಲಿ ಜೀಪು ತೊಳೆಯುವುದನ್ನು ನೋಡಿದೆ. ಮದುಮಗಳಿಗೆ ಎಣ್ಣೆ ನೀರು ಹಾಕುವ ಹಾಗೆ ತೊಳೆಯುತ್ತಿದ್ದರು. ಕೊಟ್ಟುಬಿಡಿ ಅಂದದ್ದು ತಪ್ಪಾಯಿತು ಅನ್ನಿಸಿತು. ಅದಕ್ಕಿಂತ ಹೆಚ್ಚಿನ ಸಂಕಟ ಇನ್ನೊಂದಿತ್ತು. ಜೀಪು ಕೊಡುತ್ತೇನೆಂದು ಬಾಯಿಬಿಟ್ಟ ದಿನದಿಂದ ಅವರು ಒಂದು ಸಲವೂ ನಕ್ಕಿರಲಿಲ್ಲ. ನಾನು ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದ್ದಕ್ಕೂ ನಗಲಿಲ್ಲ. ಯಾವ ನಗುವಿಗಾಗಿ ಶೃಂಗೇರಿಯ ಸಂಬಂಧ ಬಿಟ್ಟೆನೋ ಅದೇ ಹೊರಟುಹೋದರೆ ನಾನು ಏನನ್ನು ಇಟ್ಟುಕೊಂಡು ಸಂಸಾರ ಮಾಡಲಿ?

ಕೊಳ್ಳಲು ಬಂದವನು ನರಸಿಂಹರಾಜಪುರದ ಪ್ರಜ್ವಲ್ ಎಂಬ ಹುಡುಗ. ಅಲ್ಲಿ ಹೊಸದಾಗಿ ಹೋಂಸ್ಟೇ ಮಾಡಿದ್ದಾನೆ. ಒಳ್ಳೆಯ ಹುಡುಗನೇ. "ಓಡಿಸಕ್ಕಲ್ಲ ಅಕ್ಕ, ಗೇಟಿನ ಹತ್ರ ನಿಲ್ಲಿಸಕ್ಕೆ. ಕೆಂಪು ಪೇಂಟ್ ಹೊಡೆಸಿ, ಬಾನೆಟ್ ತೆಗೆದು ಒಳಗೆ ಹೂವಿನ ಗಿಡ ನೆಡ್ತೀನಿ. ಬಂದೋರು ಫೋಟೋ ತಗೋತಾರೆ" ಎಂದು ಉತ್ಸಾಹದಿಂದ ಹೇಳಿದ. ನಮ್ಮನೆಯವರು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡರು. "ಗಿಡ ನೆಡದಾದ್ರೂ ಇಂಜಿನ್ ಹೆಂಗಿದೆ ಅಂತ ಒಂದ್ಸಲ ನೋಡು" ಎಂದು ಟ್ರಯಲ್ಲಿಗೆ ಹೊರಡಿಸಿದರು. ಪ್ರಜ್ವಲ್ ಮುಂದೆ ಕೂತ. ರಜೆಯಿತ್ತಾದ್ದರಿಂದ ನಾನು ಹಿಂದೆ ಕೂತೆ. ಮನೆಯ ಮುಂದಿನ ತಿರುವಿನಲ್ಲಿ ದೇವಕಮ್ಮ ಕೈ ಅಡ್ಡ ಹಾಕಿದರು. ಇದು ಟ್ರಯಲ್ ಎಂದು ಹೇಳಿದರೆ, "ಟ್ರಯಲ್ಲೋ ಗಿಯಲ್ಲೋ, ನಂಗೆ ಕೊಪ್ಪಕ್ಕೆ ಹೋದ್ರೆ ಆತು" ಎಂದು ಬುಟ್ಟಿಯ ಸಮೇತ ಹತ್ತಿದರು.

ಜೀಪು ಏರಿಗೆ ಬಿತ್ತು. ಎಂದಿನ ಗುಡುಗು. ಜನ್ಮದಲ್ಲಿ ಏರಿನಲ್ಲಿ ಬಾಯಿ ಬಿಡದ ನಮ್ಮನೆಯವರು ಆವತ್ತು ಮಾತಾಡುತ್ತಿದ್ದರು. ಮಗಳನ್ನು ಕೊಡುವವರಿಗೆ ಮಾತು ಹೆಚ್ಚಾಗುತ್ತದಲ್ಲ, ಹಾಗೆ. ಗೇರು, ಕ್ಲಚ್ಚು, ಇಳಿಜಾರಿನ ವಿದ್ಯೆ, ರಾಮಯ್ಯನವರ ದೇವರು, ಎಲ್ಲವನ್ನೂ ಕಿರುಚಿ ಕಿರುಚಿ ಹೇಳುತ್ತಿದ್ದರು. ಪ್ರಜ್ವಲ್ ಮುಂದೆ ನೋಡಿ, "ಇಲ್ಲೇ ಆಫ್ ಮಾಡಿದ್ರೆ ಆಗಲ್ವಾ ಶೀನಣ್ಣ? ಇನ್ನೂ ಪೆಟ್ರೋಲ್ ಉಳಿತದಲ್ಲ!" ಎಂದು ಕೂಗಿದ.

"ಆಗದಿಲ್ಲ! ಮರಕ್ಕೆ ಮುಂಚೆ ಮಾಡಿದ್ರೆ ಜೀಪು ನಿಲ್ತದೆ! ಸಣ್ಣ ಹುಡುಗ ಇದ್ದಾಗಿಂದ ಗೊತ್ತಿದ್ದ ವಿಷಯ ಅದು!"

"ಒಂದ್ಸಲನೂ ಮಾಡಿ ನೋಡಿಲ್ವಾ?"

"ಒಂದೇ ಒಂದು ಸಲ ಮಾಡಿದ್ದೆ! ಬೇಕು ಅಂತ್ಲೇ ಮಾಡಿದ್ದು!"

"ಯಾಕೆ?"

ಧೂಪದ ಮರ ಬಂದಿತ್ತು. ಅಭ್ಯಾಸಬಲ, ಅವರ ಕೈ ತಾನಾಗಿ ಕೀಗೆ ಹೋಯಿತು. ಬಾಯಿಗೆ ಮಾತ್ರ ಆ ಅಭ್ಯಾಸ ಇರಲಿಲ್ಲ.

"ಹಿಂದೆ ಕೂತ ಹುಡುಗಿ ಗಂಡು ಹೆಂಗಿದಾನೆ ಅಂತ ಹೇಳದ್ರಲ್ಲಿದ್ಲು ಮಾರಾಯ! ಅದು ಕೇಳ್ದೆ ಇದ್ರೆ ಜೀವ ಹೋಗ್ತಿತ್ತು ನಂಗೆ!"

ಜೀಪು ತಣ್ಣಗೆ ಉರುಳತೊಡಗಿತು. ಟೈರಿನ ಕೆಳಗೆ ಎಲೆ ಸರಿಯುವ ಸದ್ದು ಕೇಳುತ್ತಿತ್ತು. ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಅವರ ಎರಡು ಕಿವಿಗಳು. ಎರಡೂ ಕೆಂಪಗಾದವು. ದೇವಕಮ್ಮ ಬುಟ್ಟಿಯನ್ನು ಸರಿಮಾಡಿಕೊಂಡು, "ಅಂತೂ ಬಾಯಿಬಿಟ್ಟ" ಅಂದರು. ಪ್ರಜ್ವಲ್ ಪಾಪ, ಎಲ್ಲರ ಮುಖವನ್ನೂ ನೋಡುತ್ತಿದ್ದ.

ನನಗೆ ನಗು ಬಂತು. "ಅಲ್ರೀ, ಆವತ್ತು ಪೆಟ್ರೋಲ್ ರೇಟು ಅಂದಿದ್ರಲ್ಲ?" ಎಂದು ಕೇಳಿದೆ.

"ಎಂತಾದ್ರೂ ಒಂದು ಹೇಳ್ಬೇಕಿತ್ತಲ್ಲ ಮಾರಾಯ್ತಿ."

ಇಷ್ಟು ವರ್ಷ ನನ್ನ ಜೀವನದ ದೊಡ್ಡ ಪುಣ್ಯವನ್ನು ಪೆಟ್ರೋಲ್ ರೇಟಿನ ಲೆಕ್ಕಕ್ಕೆ ಬರೆದುಕೊಂಡಿದ್ದೆ. ಮಾತೇ ಆಡದ ಈ ಮನುಷ್ಯ ನನ್ನ ಒಂದು ಮಾತು ಕೇಳಲಿಕ್ಕೆ ಹೆರಿಗೆ ನೋವಿನಂಥ ಆ ಏರಿನಲ್ಲಿ ಜೀಪು ನಿಲ್ಲಿಸಿ, ಊರವರ ಕೈಯಲ್ಲಿ ತಳ್ಳಿಸಿದ್ದರು. ನಾನು ಮುಂದಕ್ಕೆ ಬಗ್ಗಿ, ದನಿ ತಗ್ಗಿಸದೆ, "ಪ್ರಜ್ವಲ್, ಬೇಜಾರು ಮಾಡ್ಕಬೇಡ. ಈ ಜೀಪು ಕೊಡದಿಲ್ಲ" ಅಂದೆ. "ನಿನ್ನ ಗೇಟಿಗೆ ಬೇಕಾದ್ರೆ ಡೇರೆ ಹೂವಿನ ಗೆಡ್ಡೆ ಕೊಡ್ತೀನಿ, ಎಷ್ಟು ಬಣ್ಣ ಬೇಕೋ ಅಷ್ಟು."

ನಮ್ಮನೆಯವರು ತಲೆ ಹಿಂದಕ್ಕೆ ಹಾಕಿದರು. ಸ್ಟೇರಿಂಗಿಗೆ ಎರಡು ಸಲ ತಟ್ಟಿದರು. ಆ ನಗುವಿನ ಭರದಲ್ಲಿ ಗೇರಿಗೆ ಹಾಕುವುದನ್ನೇ ಮರೆತು, ಜೀಪು ಮೋರಿ ದಾಟಿ ನಿಧಾನವಾಗಿ ಹೋಗಿ ಗದ್ದೆಯ ಪಕ್ಕ ನಿಂತಿತು. ಯಾರೂ ಇಳಿಯಲಿಲ್ಲ. ಎಲ್ಲರೂ ನಕ್ಕು ಮುಗಿದ ಮೇಲೆ ಸೆಲ್ಫ್ ಹೊಡೆದು ಕೊಪ್ಪಕ್ಕೆ ಹೋದೆವು.

ಪ್ರಜ್ವಲ್ ಡೇರೆ ಗೆಡ್ಡೆ ತಗೊಂಡು ಹೋದವನು ನಾಲ್ಕು ದಿನ ಬಿಟ್ಟು ಫೋನ್ ಮಾಡಿದ. ಹೋಂಸ್ಟೇಗೆ ಬಂದವರಿಗೆ ಈ ಇಳಿಜಾರಿನ ಕತೆ ಹೇಳಿದನಂತೆ, ಅವರಿಗೆ ಅದರಲ್ಲೇ ಹೋಗಬೇಕಂತೆ. ಈಗ ಭಾನುವಾರಗಳಲ್ಲಿ ನಮ್ಮನೆಯವರು ಅವರನ್ನು ಕೂರಿಸಿಕೊಂಡು ಹೋಗಿಬರುತ್ತಾರೆ. ವಾರದ ಪೆಟ್ರೋಲು ಅದರಲ್ಲಿ ಹೊಂದುತ್ತದೆ. ಹೊಸಬರಿಗೆ ಮರದ ವಿಷಯ ಮುಂಚೆಯೇ ಹೇಳಬೇಕೆಂದು ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ಭಾನುವಾರ ಸಂಜೆ ಬಂದು, ಯಾರ ಬಾಯಿಂದ ಏನು ಬಿತ್ತು ಎಂದು ಹೇಳಿಕೊಂಡು ನಗುತ್ತಾರೆ.

ಕಳೆದ ವಾರ ರೇಟು ಮತ್ತೆ ಏರಿತು. ಕೊಪ್ಪದ ಬಂಕಿನಲ್ಲಿ ನಾನು ಸ್ಕೂಟರಿಗೆ ಹಾಕಿಸಲು ಸಾಲಿನಲ್ಲಿ ನಿಂತಿದ್ದೆ, ಹಿಂದೆ ನಮ್ಮನೆಯವರ ಜೀಪಿತ್ತು. ಎಲ್ಲರ ಇಂಜಿನ್ನೂ ಆಫ್ ಆಗಿ ಬಂಕು ನಿಶ್ಶಬ್ದವಾಗಿತ್ತು. ಬೋರ್ಡಿನ ಮೇಲಿನ ಹೊಸ ರೇಟು ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಷ್ಟು ವರ್ಷದ ಬಾಕಿಯನ್ನೆಲ್ಲ ಸೇರಿಸಿ ಬಾಯ್ತುಂಬ ಬಯ್ದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಿಂದಿನಿಂದ ಸ್ಟೇರಿಂಗಿಗೆ ಎರಡು ಸಲ ತಟ್ಟಿದ ಸದ್ದು ಕೇಳಿತು. ನಾನು ಇನ್ನೊಂದು ಸುತ್ತು ಬಯ್ದೆ. ಪೆಟ್ರೋಲಿನ ಹಂಗು ನನಗೀಗ ಎಲ್ಲಿದೆ?